ಹಿತ್ತಲ ಹಸಿರು: ಬ್ರಹ್ಮಕಮಲಕ್ಕೆ ಮುನಿಸೇಕೆ?



ಆಷಾಢ ಕಾಲಿಟ್ಟಿತೆಂದರೆ ಸಾಕು, ಈ ಅಂಕಣಕ್ಕೆ ಬರುವ ಕಾಗದಗಳಲ್ಲೆಲ್ಲ ಬ್ರಹ್ಮಕಮಲದ್ದೇ ಸುದ್ದಿ. "ನಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಒಟ್ಟಿಗೆ ಒಂಬತ್ತು ಹೂ ಅರಳಿತು" ಅಂತ ಸಂಭ್ರಮದಿಂದ ಬರೆಯುವವರು ಕೆಲವರು. ಮೊಬೈಲಿನಲ್ಲಿ ಫೋಟೋ ಹಿಡಿದು, ಅದನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಲಕೋಟೆಯಲ್ಲಿಟ್ಟು ಕಳಿಸುವವರೂ ಇದ್ದಾರೆ. ಆದರೆ ಹೆಚ್ಚಿನವರ ಪ್ರಶ್ನೆ ಒಂದೇ: "ಗಿಡ ಮೈತುಂಬ ಬೆಳೆದಿದೆ, ಹೂ ಮಾತ್ರ ಬಿಡೋದಿಲ್ಲ. ಏನು ಮಾಡಲಿ?"

ಈ ಸಲ ಬಂದ ಒಂದು ಕಾಗದವನ್ನು ನಾನು ಎರಡೆರಡು ಸಲ ಓದಿದೆ. ಹೆಸರು, ಊರು ಹಾಕಬೇಡಿ ಎಂದು ಆ ಸೋದರಿ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಮದುವೆಯಾಗಿ ಆರು ವರ್ಷ. ತವರಿನಿಂದ ತಂದ ಬ್ರಹ್ಮಕಮಲದ ತುಂಡನ್ನು ಅತ್ತೆ ಮನೆಯ ತುಳಸಿಕಟ್ಟೆಯ ಪಕ್ಕದಲ್ಲೇ ಕುಂಡದಲ್ಲಿ ನೆಟ್ಟರಂತೆ. ಗಿಡ ಆಳೆತ್ತರ ಬಂದಿದೆ, ಇದುವರೆಗೆ ಒಂದು ಮೊಗ್ಗೂ ಕಂಡಿಲ್ಲ. ಆದರೆ ಅದೇ ಗಿಡದಿಂದ ಒಂದು ತುಂಡು ತೆಗೆದುಕೊಂಡು ಹೋದ ವಾರಗಿತ್ತಿಯ ಮನೆಯಲ್ಲಿ ಮೂರನೇ ವರ್ಷಕ್ಕೇ ಹನ್ನೊಂದು ಹೂ! ನೋಡಲು ಹೋದ ಅತ್ತೆಯವರು ಎಲ್ಲರೆದುರೇ, "ಗಿಡಕ್ಕೂ ಕಾಲ್ಗುಣ ಗೊತ್ತಾಗುತ್ತೆ ನೋಡಿ" ಅಂದರಂತೆ. ಈ ಸೋದರಿಗೆ ಇನ್ನೂ ಮಕ್ಕಳಾಗಿಲ್ಲ. ಆ ಮಾತು ಎಲ್ಲಿ ಹೋಗಿ ನಾಟಿತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಕೊನೆಯಲ್ಲಿ ಅವರು ಕೇಳಿರುವುದು ಇಷ್ಟೇ: "ಗಿಡವನ್ನು ಕಿತ್ತು ಹಾಕಿಬಿಡಲೇ?"

ಬೇಡ, ತಾಯಿ. ಕೀಳಬೇಡಿ. ಗಿಡದ ಮೇಲೂ ತಪ್ಪಿಲ್ಲ, ನಿಮ್ಮ ಮೇಲಂತೂ ಇಲ್ಲವೇ ಇಲ್ಲ. ನಿಮ್ಮ ಕಾಗದದಲ್ಲೇ ಉತ್ತರವೂ ಇದೆ. ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಇದೇ ಪ್ರಶ್ನೆ ಕೇಳಿರುವ ಉಳಿದವರೂ ಜೊತೆಗೇ ಓದಿಕೊಳ್ಳಿ.

ಒಂದೇ ಗಿಡ, ಎರಡು ಮನೆ

ಮೊದಲು ಒಂದು ಲೆಕ್ಕ. ಬೀಜ ಹಾಕಿ ಬೆಳೆಸಿದ ಗಿಡಗಳು ಅಕ್ಕತಂಗಿಯರಿದ್ದ ಹಾಗೆ. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಆದರೆ ತುಂಡು ಕತ್ತರಿಸಿ ನೆಟ್ಟ ಗಿಡ ಬೇರೆ ಗಿಡವೇ ಅಲ್ಲ. ತಾಯಿ ಗಿಡದ್ದೇ ಒಂದು ಕೈ ಇನ್ನೊಂದು ಕುಂಡದಲ್ಲಿ ಬೆಳೆದ ಹಾಗೆ. ಅಂದಮೇಲೆ ನಿಮ್ಮ ಮನೆಯ ಬ್ರಹ್ಮಕಮಲವೂ ವಾರಗಿತ್ತಿ ಮನೆಯ ಬ್ರಹ್ಮಕಮಲವೂ ಒಂದೇ. ಒಂದೇ ಗಿಡ ಒಂದು ಕಡೆ ಹೂ ಬಿಟ್ಟು ಇನ್ನೊಂದು ಕಡೆ ಬಿಡಲಿಲ್ಲವೆಂದರೆ, ವ್ಯತ್ಯಾಸ ಇರುವುದು ಜಾಗದಲ್ಲಿ, ಬಿಸಿಲಿನಲ್ಲಿ, ನೀರಿನಲ್ಲಿ, ಕುಂಡದಲ್ಲಿ. ಇವುಗಳಲ್ಲಿ ಯಾವುದೂ ಹಣೆಬರಹವಲ್ಲ. ಎಲ್ಲವನ್ನೂ ನಮ್ಮ ಕೈಯಾರೆ ಬದಲಾಯಿಸಬಹುದು.

ಇದು ಕಮಲವಲ್ಲ, ಕಳ್ಳಿ

ನಾವು ಬ್ರಹ್ಮಕಮಲ ಎನ್ನುವ ಈ ಗಿಡ ಕಮಲದ ಜಾತಿಯದಲ್ಲ. ಪಾಪಾಸುಕಳ್ಳಿ ಗೊತ್ತಲ್ಲ, ಅದೇ ಕುಟುಂಬದ್ದು. ಇದರ ತವರು ದಕ್ಷಿಣ ಮೆಕ್ಸಿಕೋ ಮತ್ತು ಅದಕ್ಕೆ ಹೊಂದಿಕೊಂಡ ಮಧ್ಯ ಅಮೆರಿಕದ ಕಾಡುಗಳು. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಎಪಿಫಿಲ್ಲಮ್ ಆಕ್ಸಿಪೆಟಲಮ್. ಎಪಿಫಿಲ್ಲಮ್ ಅಂದರೆ "ಎಲೆಯ ಮೇಲೆ" ಎಂದರ್ಥ. ಹೂ ಎಲೆಯ ಅಂಚಿನಿಂದಲೇ ಹುಟ್ಟಿದ ಹಾಗೆ ಕಾಣುತ್ತದಲ್ಲ, ಅದಕ್ಕೇ ಆ ಹೆಸರು. ನಿಜ ಹೇಳಬೇಕೆಂದರೆ ಅದು ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ಲೋಳೆಸರದ ಹಾಗೆ ಒಳಗೆ ನೀರು ತುಂಬಿಕೊಂಡ ರಸವತ್ತಾದ ಕಾಂಡ. ಈ ಚಪ್ಪಟೆ ಕಾಂಡವನ್ನು ನಾವು ಇಲ್ಲಿ "ಪಟ್ಟಿ" ಅಂತ ಕರೆಯೋಣ.

ಹಾಗಾದರೆ ನಿಜವಾದ ಬ್ರಹ್ಮಕಮಲ ಯಾವುದು? ಅದು ಹಿಮಾಲಯದ್ದು. ಸಾಸುರಿಯಾ ಎಂಬ ಕುಲಕ್ಕೆ ಸೇರಿದ್ದು, ಸೂರ್ಯಕಾಂತಿಯ ಕುಟುಂಬದ್ದು. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 3,700 ಮೀಟರಿಗಿಂತ ಎತ್ತರದಲ್ಲಿ, ಕಲ್ಲುಬಂಡೆಗಳ ನಡುವೆ ಬೆಳೆಯುತ್ತದೆ. ಉತ್ತರಾಖಂಡ ರಾಜ್ಯದ ರಾಜ್ಯಪುಷ್ಪ. ಕೇದಾರನಾಥ, ಬದರೀನಾಥಗಳಲ್ಲಿ ದೇವರಿಗೆ ಏರಿಸುವುದು ಆ ಹೂವನ್ನು. ಅದರ ತೆಳು ಹಳದಿ-ಹಸಿರು ಬಣ್ಣದ, ಕಾಗದದಂಥ ಹೊದಿಕೆಯ ಒಳಗೆ ನೇರಳೆ ಬಣ್ಣದ ಪುಟ್ಟ ಹೂಗಳ ಗೊಂಚಲು ಇರುತ್ತದೆ. ಅದು ಆ ಚಳಿಯ ಗಿಡ. ನಮ್ಮ ಊರಿನ ಸೆಕೆಗೆ ಬದುಕುವುದಿಲ್ಲ. ಯಾರಾದರೂ "ಹಿಮಾಲಯದ ಬ್ರಹ್ಮಕಮಲದ ಬೀಜ" ಎಂದು ದುಬಾರಿ ಬೆಲೆ ಹೇಳಿದರೆ ದುಡ್ಡು ಬಿಚ್ಚಬೇಡಿ.

ಇಲ್ಲೇ ಇನ್ನೊಂದು ಎಚ್ಚರಿಕೆ. ಹಿಮಾಲಯದ ಬ್ರಹ್ಮಕಮಲವನ್ನು ಅಲ್ಲಿಯವರು ಔಷಧಿಗೆ ಬಳಸುವುದುಂಟು. ಹೆಸರು ಒಂದೇ ಆದದ್ದರಿಂದ ಆ ಗುಣಗಳನ್ನೆಲ್ಲ ನಮ್ಮ ಹಿತ್ತಲಿನ ಕಳ್ಳಿಗೂ ಅಂಟಿಸಿ, "ಉಬ್ಬಸಕ್ಕೆ ಕಷಾಯ ಮಾಡಿ ಕುಡಿಯಿರಿ" ಎಂಬಂಥ ಸಂದೇಶಗಳು ಮೊಬೈಲಿನಲ್ಲಿ ಓಡಾಡುತ್ತಿರುತ್ತವೆ. ನಂಬಿ ಕುಡಿಯಬೇಡಿ, ಮಕ್ಕಳಿಗೂ ಕುಡಿಸಬೇಡಿ.

ಹೆಸರು ಬೇರೆಯವರದಾದರೂ ನಮ್ಮ ಜನ ಈ ಹೂವಿಗೆ ಬ್ರಹ್ಮಕಮಲ ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ. ಅಂಗೈಗಿಂತ ಅಗಲವಾದ ಬೆಳ್ಳಗಿನ ಹೂವಿನೊಳಗೆ ಎಳೆಎಳೆಯಾದ ಕೇಸರಗಳು, ನಡುವೆ ನಕ್ಷತ್ರದ ಹಾಗೆ ಬಿಚ್ಚಿಕೊಂಡ ಶಲಾಕೆಯ ತುದಿ. ನೋಡಿದವರಿಗೆ ಆದಿಶೇಷನೂ ಕಂಡ, ಬ್ರಹ್ಮನೂ ಕಂಡ. ಕೇರಳದವರು ಇದನ್ನೇ ನಿಶಾಗಂಧಿ ಎನ್ನುತ್ತಾರೆ, ಶ್ರೀಲಂಕಾದವರು ಕಡುಪುಲ್ ಎನ್ನುತ್ತಾರೆ. ಕಳ್ಳಿಗೆ ಕಮಲದ ಹೆಸರಿಡುವುದು ಇದೊಂದಕ್ಕೇ ಅಲ್ಲ. ಹಣ್ಣಿನಂಗಡಿಯಲ್ಲಿ ಸಿಗುವ ಡ್ರ್ಯಾಗನ್ ಹಣ್ಣಿನ ಗಿಡವೂ ಇದರ ಹತ್ತಿರದ ನೆಂಟನೇ, ಅದರ ಹೂವೂ ರಾತ್ರಿಯೇ ಅರಳುತ್ತದೆ. 2021ರ ಜನವರಿಯಲ್ಲಿ ಗುಜರಾತ್ ಸರ್ಕಾರ ಆ ಹಣ್ಣಿಗೆ "ಕಮಲಂ" ಎಂದು ಹೆಸರಿಟ್ಟಿತು!

ತವರು ತಿಳಿದರೆ ಸ್ವಭಾವ ತಿಳಿದೀತು

ಮನೆಗೆ ಬಂದ ಸೊಸೆಯ ತವರಿನ ರೀತಿನೀತಿ ತಿಳಿದುಕೊಂಡರೆ ಅರ್ಧ ಜಗಳ ಕಡಿಮೆ ಅಲ್ಲವೇ? ಗಿಡಕ್ಕೂ ಹಾಗೆಯೇ. ಕಳ್ಳಿ ಎಂದಾಕ್ಷಣ ಮರುಭೂಮಿ ನೆನಪಾಗುತ್ತದೆ. ಈ ಕಳ್ಳಿ ಮರುಭೂಮಿಯದಲ್ಲ, ಕಾಡಿನದು. ಕಾಡಿನಲ್ಲಿ ದೊಡ್ಡ ಮರಗಳ ಕವಲಿನಲ್ಲಿ, ಅಲ್ಲಿ ಸಿಕ್ಕಿಕೊಂಡ ಒಣಗಿದ ಎಲೆ, ತೊಗಟೆಯ ಪುಡಿಯಲ್ಲಿ ಬೇರು ಬಿಟ್ಟು ಬೆಳೆಯುತ್ತದೆ. ಮಲೆನಾಡಿನ ಸೋದರಿಯರಿಗೆ ಸೀತಾಳೆ ದಂಡೆ ಗೊತ್ತು. ಮರದ ಮೇಲೆ ಕೂತಿರುತ್ತದೆ, ಮರದ ರಸ ಹೀರುವುದಿಲ್ಲ. ಇದೂ ಅದೇ ಬಗೆ, ಬಂದಳಿಕೆಯ ಹಾಗಲ್ಲ.

ಮರದ ಕವಲಿನಲ್ಲಿ ಏನಿರುತ್ತದೆ ಯೋಚಿಸಿ. ಎಲೆಗಳ ಸಂದಿಯಿಂದ ಸೋಸಿ ಬರುವ ಬೆಳಕು. ಮಳೆ ಬಂದಾಗ ನೀರು, ಕ್ಷಣದಲ್ಲಿ ಅದು ಸೋರಿಹೋಗುತ್ತದೆ. ಬೇರಿನ ಸುತ್ತ ಗಾಳಿ. ಹಿಡಿಯಷ್ಟೇ ಎಲೆಗೊಬ್ಬರ. ಅಷ್ಟರಲ್ಲೇ ಅದು ಹೂ ಬಿಡುತ್ತದೆ. ಈ ನಾಲ್ಕನ್ನು ನಾವು ಕುಂಡದಲ್ಲಿ ಒದಗಿಸಿದರೆ ಆಯಿತು.

ಈಗ ಆ ಸೋದರಿಯ ಕಾಗದಕ್ಕೆ ಬರೋಣ.

ಬಿಸಿಲು: "ಕುಂಡ ತುಳಸಿಕಟ್ಟೆಯ ಪಕ್ಕ, ಮಾವಿನ ಮರದ ನೆರಳಲ್ಲಿ ತಂಪಾಗಿದೆ" ಎಂದು ಬರೆದಿದ್ದೀರಿ. ದಟ್ಟವಾದ ಮಾವಿನ ನೆರಳು ಇದಕ್ಕೆ ಸಾಲದು. ಕತ್ತಲಲ್ಲಿ ಬೆಳೆದ ಗಿಡ ಬೆಳಕು ಹುಡುಕುತ್ತ ಉದ್ದುದ್ದ, ತೆಳ್ಳಗಿನ ಚಾಟಿಯಂಥ ಕೊಂಬೆ ಬಿಡುತ್ತದೆ. ಆಳೆತ್ತರ ಬಂದಿದೆ ಅಂದಿರಲ್ಲ, ಅದು ಪುಷ್ಟಿಯ ಲಕ್ಷಣವಲ್ಲ, ಬೆಳಕಿನ ಹಸಿವು. ಬೆಳಗಿನ ಎಳೆಬಿಸಿಲು 3-4 ಗಂಟೆ ಬೀಳುವ, ಮಧ್ಯಾಹ್ನ ನೆರಳಾಗುವ ಜಾಗಕ್ಕೆ ಕುಂಡ ಇಡಿ. ಪೂರ್ವದ ಜಗಲಿ, ಪೂರ್ವಕ್ಕೆ ತೆರೆದ ತಾರಸಿಯ ಮೂಲೆ, ಹೊಂಗೆಮರದ ಅಂಚಿನ ಚದುರಿದ ನೆರಳು, ಎಲ್ಲವೂ ಚೆನ್ನ. ಹಾಗಂತ ನಡುಹಗಲ ಬಿಸಿಲಿಗೆ ಒಡ್ಡಿದರೆ ಪಟ್ಟಿಗಳು ಹಳದಿಯಾಗಿ, ಕೆಂಪಾಗಿ, ಸುಟ್ಟ ಕಲೆ ಬೀಳುತ್ತವೆ. ರಾಯಚೂರು, ಬಳ್ಳಾರಿ, ಕಲಬುರಗಿ ಕಡೆಯವರು ಮಾರ್ಚಿಯಿಂದ ಮೇವರೆಗೆ ಹನ್ನೊಂದು ಗಂಟೆಯ ಮೇಲೆ ನೆರಳು ಮಾಡಲೇಬೇಕು. ಹಳೆಯ ಹತ್ತಿ ಸೀರೆಯನ್ನು ಅಡ್ಡ ಕಟ್ಟಿದರೂ ಸಾಕು. ನೆರಳಲ್ಲಿದ್ದ ಗಿಡವನ್ನು ಒಂದೇ ದಿನಕ್ಕೆ ಬಿಸಿಲಿಗೆ ತರಬೇಡಿ. ಹತ್ತು-ಹದಿನೈದು ದಿನ ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸಿ.

ನೀರು: "ತುಳಸಿಗೆ ಹಾಕುವಾಗ ಇದಕ್ಕೂ ಒಂದು ತಂಬಿಗೆ ಹಾಕುತ್ತೇನೆ. ಅತ್ತೆಯವರು ಅಕ್ಕಿ ತೊಳೆದ ನೀರನ್ನೂ ತಂದು ಸುರಿಯುತ್ತಾರೆ" ಎಂದಿದ್ದೀರಿ. ಅಂದರೆ ದಿನಕ್ಕೆ ಎರಡು ಸಲ! ತುಳಸಿಗೆ ದಿನಾ ನೀರು ಬೇಕು, ಸರಿ. ಕಾಂಡದಲ್ಲೇ ನೀರು ಕೂಡಿಟ್ಟುಕೊಂಡ ಗಿಡಕ್ಕೆ ದಿನಾ ನೀರು ಹಾಕಿದರೆ ಊಟವಾದವರಿಗೆ ಮತ್ತೆ ಮತ್ತೆ ಬಡಿಸಿದ ಹಾಗೆ. ಬೇರಿಗೆ ಗಾಳಿ ಸಿಗದೆ ಕೊಳೆಯಲು ಶುರುವಾಗುತ್ತದೆ. ಬೆರಳನ್ನು ಮಣ್ಣಿನೊಳಗೆ ಒಂದು ಗೆಣ್ಣಿನಷ್ಟು ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ತಣ್ಣಗಿದ್ದರೆ ನಾಳೆ ನೋಡಿದರಾಯಿತು. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಸಾಕಾದೀತು. ಅಕ್ಕಿ ತೊಳೆದ ನೀರು ಹಾಕಲೇಬೇಕೆನಿಸಿದರೆ ಹದಿನೈದು ದಿನಕ್ಕೊಮ್ಮೆ, ಅದೂ ಬರಿಯ ನೀರಿನ ಬದಲಿಗೆ. ಹುಳಿಬಂದ ನೀರು ಬೇಡ, ಮಣ್ಣು ಹಳಸುತ್ತದೆ, ಇರುವೆ ಹತ್ತುತ್ತದೆ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನೀರು ನಿಲ್ಲಲು ಬಿಡಬೇಡಿ.

ಕುಂಡ: "ಪ್ರತಿ ವರ್ಷ ಜೂನ್‌ನಲ್ಲಿ ದೊಡ್ಡ ಕುಂಡಕ್ಕೆ ಬದಲಾಯಿಸುತ್ತೇನೆ." ಇದು ಪ್ರೀತಿಯಿಂದ ಮಾಡುವ ಕೆಲಸವೇ, ಆದರೆ ಜೂನ್ ಎಂದರೆ ಗಿಡ ಮೊಗ್ಗು ಕಟ್ಟುವ ಹೊತ್ತು. ಆಗ ಬೇರು ಕದಲಿಸಿದರೆ ಹೂವಿನ ಕೆಲಸ ಬಿಟ್ಟು ಬೇರಿನ ಕೆಲಸಕ್ಕೆ ಹೊರಡುತ್ತದೆ. ದೊಡ್ಡ ಕುಂಡದಲ್ಲಿ ಹೆಚ್ಚು ಮಣ್ಣು, ಹೆಚ್ಚು ತೇವ. ಗಿಡ ಹಬ್ಬುತ್ತಲೇ ಹೋಗುತ್ತದೆ. ಸ್ವಲ್ಪ ಇಕ್ಕಟ್ಟಾದ ಕುಂಡದಲ್ಲೇ ಇದು ಚೆನ್ನಾಗಿ ಹೂ ಬಿಡುವುದು. ಎಂಟು ಅಥವಾ ಹತ್ತು ಇಂಚಿನ ಮಣ್ಣಿನ ಕುಂಡ ಧಾರಾಳವಾಯಿತು. ಎರಡು-ಮೂರು ವರ್ಷಕ್ಕೊಮ್ಮೆ, ಹೂವಿನ ಕಾಲ ಮುಗಿದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ ಮಣ್ಣು ಬದಲಾಯಿಸಿ.

ಗೊಬ್ಬರ: ಕಡಲೆಹಿಂಡಿ ನೆನೆಸಿದ ನೀರನ್ನು ವಾರವಾರ ಹಾಕುವವರಿದ್ದಾರೆ. ಹಿಂಡಿ, ಹಸಿ ಸಗಣಿ ಇವೆಲ್ಲ ಹಸುರು ಬೆಳೆಸುತ್ತವೆ, ಹೂ ತರಿಸುವುದಿಲ್ಲ. ಚೆನ್ನಾಗಿ ಕಳಿತ ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಬೊಗಸೆ ಮಾರ್ಚಿಯಲ್ಲಿ, ಇನ್ನೊಂದು ಬೊಗಸೆ ಹೂವಿನ ಕಾಲ ಕಳೆದ ಮೇಲೆ. ಬಾಳೆಹಣ್ಣಿನ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ, ಮಾರ್ಚಿಯ ಗೊಬ್ಬರದ ಜೊತೆ ಎರಡು ಚಮಚ ಬೆರೆಸಬಹುದು. ಇಷ್ಟೇ.

ಕತ್ತರಿ: ಹಳೆಯ ಪಟ್ಟಿಗಳು ಅಂದಗೆಟ್ಟವು ಅಂತ ಕತ್ತರಿಸಿ ಹಾಕಬೇಡಿ. ಹೂ ಬರುವುದು ಬಲಿತ ಪಟ್ಟಿಗಳ ಅಂಚಿನ ಕಚ್ಚುಗಳಲ್ಲೇ. ಎಳೆಯ ಪಟ್ಟಿಗಳು ಬಲಿಯಲು ಕಾಯಬೇಕು. ಕತ್ತರಿಸಬೇಕಾದ್ದು ಕೊಳೆತದ್ದನ್ನು ಮತ್ತು ಕೋಲಿನ ಹಾಗೆ ಮೇಲಕ್ಕೆ ಹೋಗುತ್ತಲೇ ಇರುವ ಚಾಟಿಯ ತುದಿಯನ್ನು ಮಾತ್ರ. ತುದಿ ಚಿವುಟಿದರೆ ಪಕ್ಕದಲ್ಲಿ ಪಟ್ಟಿಗಳು ಒಡೆಯುತ್ತವೆ.

ನೋಡಿದಿರಾ ಸೋದರಿ? ನಿಮ್ಮ ಗಿಡಕ್ಕೆ ಆಗಿರುವುದು ಉಪೇಕ್ಷೆಯಲ್ಲ, ಅತಿ ಉಪಚಾರ. ವಾರಗಿತ್ತಿಯವರು "ಕೆಲಸಕ್ಕೆ ಹೋಗುತ್ತಾರೆ, ಗಿಡಕ್ಕೆ ನೀರು ಹಾಕಲೂ ಪುರಸೊತ್ತಿಲ್ಲ, ತಾರಸಿಯ ಮೇಲೆ ಒಂದು ಸಣ್ಣ ಡಬ್ಬಿಯಲ್ಲಿ ಬಿದ್ದಿತ್ತು" ಎಂದು ನೀವೇ ಬರೆದಿದ್ದೀರಿ. ಬೆಳಕು, ಇಕ್ಕಟ್ಟು, ಕಡಿಮೆ ನೀರು, ಮೂರೂ ಅಲ್ಲಿ ತಾನಾಗಿ ಕೂಡಿಬಂದವು. ಹನ್ನೊಂದು ಹೂವಿನ ಗುಟ್ಟು ಇಷ್ಟೇ.

ಹೊಸದಾಗಿ ನೆಡುವವರಿಗೆ

ಈ ಗಿಡವನ್ನು ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ. ಗಿಡವಿರುವ ಮನೆಯಿಂದ ಒಂದು ತುಂಡು ಕೇಳಿ ತಂದರೆ ಸಾಕು. ಹೂ ಬಿಟ್ಟ ಗಿಡದಿಂದ, ಬಲಿತ ಪಟ್ಟಿಯನ್ನು ಒಂದು ಗೇಣಿನಷ್ಟು ಕತ್ತರಿಸಿ. ಬುಡ ಯಾವುದು ತುದಿ ಯಾವುದು ಎಂದು ಗುರುತು ಮಾಡಿಕೊಳ್ಳಿ, ತಲೆಕೆಳಗಾಗಿ ನೆಡಬಾರದು. ತಂದ ಕೂಡಲೇ ಮಣ್ಣಿಗೆ ಊರಬೇಡಿ. ನೆರಳಿನಲ್ಲಿ ಐದಾರು ದಿನ ಹಾಗೇ ಇಡಿ. ಕತ್ತರಿಸಿದ ಗಾಯ ಒಣಗಿ ಹಕ್ಕಳೆ ಕಟ್ಟಬೇಕು. ಹಸಿ ಗಾಯ ಒದ್ದೆ ಮಣ್ಣಿಗೆ ತಗುಲಿದರೆ ಕೊಳೆಯುತ್ತದೆ.

ಮಣ್ಣಿನ ಪಾಕ ಹೀಗೆ: ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಎಲೆಗೊಬ್ಬರ ಅಥವಾ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಇದಕ್ಕೆ ತೆಂಗಿನ ಸಿಪ್ಪೆಯ ಸಣ್ಣ ತುಂಡು ಎರಡು ಹಿಡಿ, ಇದ್ದಿಲ ಚೂರು ಒಂದು ಹಿಡಿ. ಕುಂಡದ ತೂತಿನ ಮೇಲೆ ಹೆಂಚಿನ ಚೂರು ಬೋರಲು ಹಾಕಿ, ಮೇಲೆ ಇಟ್ಟಿಗೆ ಚೂರು ಹರಡಿ, ಆಮೇಲೆ ಈ ಮಣ್ಣು ತುಂಬಿ. ಕಪ್ಪು ಎರೆಮಣ್ಣಿನ ಊರಿನವರು ಬರೀ ಎರೆಮಣ್ಣು ಬಳಸಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ತುಂಡನ್ನು ಎರಡು ಬೆರಳಿನಷ್ಟು ಆಳಕ್ಕೆ ಊರಿ, ಅಲುಗಾಡದ ಹಾಗೆ ಕಡ್ಡಿಗೆ ಕಟ್ಟಿ. ಮೊದಲ ವಾರ ನೀರು ಚಿಮುಕಿಸಿದರೆ ಸಾಕು. ಬೇರು ಬರಲು ಮೂರರಿಂದ ಆರು ವಾರ. ಮೆಲ್ಲಗೆ ಎಳೆದು ನೋಡಿದಾಗ ಹಿಡಿತ ಸಿಕ್ಕರೆ ಬೇರು ಬಂದಿದೆ ಎಂದರ್ಥ. ದಿನಾ ಕಿತ್ತು ನೋಡಬೇಡಿ ಮತ್ತೆ!

ಹೂ ಬರಲು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ. ಕೆಲವು ಕಡೆ ಇನ್ನೂ ಹೆಚ್ಚು. ಕಾಯುವುದಕ್ಕೆ ಗೊತ್ತಿದ್ದವರಿಗೆ ಮಾತ್ರ ಈ ಗಿಡ.

ರೋಗ, ಹುಳ

ಪಟ್ಟಿಯ ಸಂದಿಯಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಕಂಡರೆ ಅದು ಹಿಟ್ಟಿನ ಹುಳ. ಸ್ವಲ್ಪವೇ ಇದ್ದರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಕಲಕಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ಇರುವೆ ಸಾಲುಗಟ್ಟಿದ್ದರೆ ಅವೇ ಈ ಹುಳಗಳನ್ನು ಕಾಯುತ್ತಿರುತ್ತವೆ, ಇರುವೆಯನ್ನೂ ಓಡಿಸಬೇಕು. ಮಳೆಗಾಲದಲ್ಲಿ ಬಸವನಹುಳು ರಾತ್ರೋರಾತ್ರಿ ಮೊಗ್ಗು ತಿಂದು ಹೋಗುತ್ತದೆ. ಟಾರ್ಚ್ ಹಿಡಿದು ಹುಡುಕಿ ಎತ್ತಿ ಹಾಕುವುದೇ ಉಪಾಯ. ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದರೆ ಬೇರು ಕೊಳೆತಿದೆ ಅಂತ ತಿಳಿಯಿರಿ. ಧೈರ್ಯಗೆಡಬೇಡಿ. ಮೇಲಿನ ಗಟ್ಟಿ ಭಾಗ ಕತ್ತರಿಸಿ, ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಿ.

ಮೊಗ್ಗಿನಿಂದ ಹೂವಿನವರೆಗೆ

ನಮ್ಮ ಕಡೆ ಹೂವಿನ ಕಾಲ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್. ಕರಾವಳಿ, ಮಲೆನಾಡಿನವರು ಈ ತಿಂಗಳುಗಳಲ್ಲಿ ಧಾರಾಕಾರ ಮಳೆಗೆ ಸಿಗದ ಹಾಗೆ ಸೂರಿನ ಕೆಳಗಿಡಿ. ಪಟ್ಟಿಯ ಕಚ್ಚಿನಲ್ಲಿ ಮೊದಲು ಸಾಸಿವೆಯಷ್ಟು ಗುಲಾಬಿ ಬಣ್ಣದ ಗಂಟು ಕಾಣುತ್ತದೆ. ಅಲ್ಲಿಂದ ಅರಳಲು ಮೂರು-ನಾಲ್ಕು ವಾರ ಬೇಕು. ಗಂಟು ಕಂಡ ದಿನದಿಂದ ಕುಂಡವನ್ನು ತಿರುಗಿಸಬೇಡಿ, ಜಾಗ ಬದಲಿಸಬೇಡಿ, ಮಣ್ಣು ಪೂರ್ತಿ ಒಣಗಲೂ ಬಿಡಬೇಡಿ. ಮೊಗ್ಗು ಉದುರುವುದಕ್ಕೆ ಹೆಚ್ಚಾಗಿ ಇವೇ ಕಾರಣ. ಇಷ್ಟಾದರೂ ಬಂದ ಮೊಗ್ಗೆಲ್ಲ ನಿಲ್ಲುವುದಿಲ್ಲ. ತನ್ನ ಶಕ್ತಿಗೆ ತಕ್ಕಷ್ಟು ಉಳಿಸಿಕೊಂಡು ಮಿಕ್ಕಿದ್ದನ್ನು ಗಿಡವೇ ಬಿಡುತ್ತದೆ.

ಮೊಗ್ಗು ಮೊದಲು ಕೆಳಕ್ಕೆ ಜೋತಾಡುತ್ತಿರುತ್ತದೆ. ಅರಳುವ ದಿನ ಹತ್ತಿರವಾದಂತೆ ಕೊಕ್ಕೆಯ ಹಾಗೆ ಕುತ್ತಿಗೆ ಎತ್ತುತ್ತದೆ. ಸಂಜೆ ಹೊತ್ತಿಗೆ ಮೊಗ್ಗು ಊದಿಕೊಂಡು, ಹೊರಗಿನ ಕೆಂಪು ಛಾಯೆಯ ಎಸಳುಗಳು ಸಡಿಲವಾದರೆ ಆ ರಾತ್ರಿಯೇ ಅರಳುತ್ತದೆ ಅನ್ನಿ. ಎಂಟು-ಒಂಬತ್ತು ಗಂಟೆಗೆ ಬಿರಿಯಲು ಶುರುವಾಗಿ, ಹನ್ನೊಂದು-ಹನ್ನೆರಡರ ಹೊತ್ತಿಗೆ ಪೂರ್ತಿ ಅರಳಿ, ಮನೆತುಂಬ ಪರಿಮಳ. ಬೆಳಗಾಗುವಷ್ಟರಲ್ಲಿ ಬಾಡಿ ತಲೆ ಬಾಗಿಸಿರುತ್ತದೆ.

ಹಗಲು ಬಿಟ್ಟು ರಾತ್ರಿಯೇ ಏಕೆ? ತನ್ನ ತವರಿನಲ್ಲಿ ಇದರ ಪರಾಗ ಸಾಗಿಸುವುದು ರಾತ್ರಿ ಹಾರಾಡುವ ದೊಡ್ಡ ಪತಂಗಗಳು. ಕತ್ತಲಲ್ಲಿ ಅವಕ್ಕೆ ಕಾಣಲೆಂದು ಬಿಳಿ ಬಣ್ಣ, ದೂರಕ್ಕೆ ತಿಳಿಯಲೆಂದು ಗಾಢ ವಾಸನೆ. ಉಸಿರಾಟದಲ್ಲೂ ಇದು ರಾತ್ರಿಯ ಗಿಡವೇ. ಹಗಲು ನೀರು ಆವಿಯಾಗದಿರಲೆಂದು ಮೈಮೇಲಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿಯಿಂದ ಇಂಗಾಲವನ್ನು ಒಳಗೆಳೆದು ಹುಳಿಯ ರೂಪದಲ್ಲಿ ಕೂಡಿಟ್ಟು, ಮರುದಿನದ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ರಾತ್ರಿಯೇ ರುಬ್ಬಿಟ್ಟು ಬೆಳಿಗ್ಗೆ ದೋಸೆ ಹೊಯ್ಯುವ ನಮ್ಮ ಹಾಗೆ!

ಕಾಲ್ಗುಣದ ಮಾತು

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಬ್ರಹ್ಮಕಮಲ ಅರಳಿದ ಮನೆಗೆ ಒಳ್ಳೆಯದಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅರಳಿದ ಹೂ ನೋಡಿ ಮನಸ್ಸು ಅರಳಿದರೆ ಅದು ಒಳ್ಳೆಯದೇ; ಕೈಮುಗಿಯುವವರು ಮುಗಿಯಲಿ, ಆರತಿ ಎತ್ತುವವರು ಎತ್ತಲಿ. ಆದರೆ "ಅರಳಿದರೆ ಭಾಗ್ಯ" ಎಂಬ ಮಾತನ್ನು ಮಗುಚಿ ಹಾಕಿ "ಅರಳದಿದ್ದರೆ ದೌರ್ಭಾಗ್ಯ" ಎನ್ನುವುದು ಯಾವ ನ್ಯಾಯ? ಆ ದೌರ್ಭಾಗ್ಯಕ್ಕೆ ಮನೆಯಲ್ಲಿ ಯಾವಾಗಲೂ ಹೆಂಗಸೇ ಹೊಣೆ. ಮುಟ್ಟಾದವಳು ಮುಟ್ಟಿದಳು ಅದಕ್ಕೆ ಮೊಗ್ಗು ಉದುರಿತು, ಹೊಸದಾಗಿ ಬಂದವಳ ಕಾಲ್ಗುಣ ಸರಿಯಿಲ್ಲ ಅದಕ್ಕೆ ಗಿಡ ಮುನಿದಿದೆ. ಇಂಥ ಮಾತನ್ನು ಕೇಳದವರು ನಮ್ಮಲ್ಲಿ ಎಷ್ಟು ಮಂದಿ? ಮೊಗ್ಗು ಏಕೆ ಉದುರುತ್ತದೆ ಅಂತ ಈಗಷ್ಟೇ ನೋಡಿದೆವು. ಅದರಲ್ಲಿ ಯಾರ ಮೈಲಿಗೆಯ ಲೆಕ್ಕವೂ ಇರಲಿಲ್ಲ. ಆ ನಾಲ್ಕು ದಿನವೂ ಗಿಡಕ್ಕೆ ನೀರು ಬೇಕಿದ್ದರೆ ಧಾರಾಳವಾಗಿ ಹಾಕಿ, ಗಿಡಕ್ಕೆ ಏನೂ ಆಗುವುದಿಲ್ಲ.

ಮಕ್ಕಳಾಗದ ವಿಷಯಕ್ಕೆ ಬಂದರೆ, ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯರು, ಅದೂ ಗಂಡಹೆಂಡತಿ ಇಬ್ಬರನ್ನೂ ಪರೀಕ್ಷಿಸಿ ನೋಡಿದ ಮೇಲೆ. ಒಬ್ಬರೇ ಹೋಗಿ ಬರಬೇಡಿ. ಮೆಕ್ಸಿಕೋದಿಂದ ಬಂದ ಕಳ್ಳಿಯೊಂದಕ್ಕೆ ನಿಮ್ಮ ಸಂಸಾರದ ಸುದ್ದಿ ಏನು ಗೊತ್ತು?

ಅತ್ತೆಯವರ ಮೇಲೂ ಕೋಪ ಮಾಡಿಕೊಳ್ಳಬೇಡಿ ಎನ್ನುತ್ತೇನೆ. ದಿನಾ ಅಕ್ಕಿ ತೊಳೆದ ನೀರನ್ನು ಚೆಲ್ಲದೆ ತಂದು ಗಿಡಕ್ಕೆ ಸುರಿಯುವವರಿಗೆ ಗಿಡದ ಮೇಲೆ ಆಸೆ ಇಲ್ಲದಿಲ್ಲ. ಬಹುಶಃ ಅವರೂ ಸೊಸೆಯಾಗಿ ಬಂದಾಗ ಇಂಥ ಮಾತು ಕೇಳಿದವರೇ. ಈ ಸಂಚಿಕೆಯನ್ನು ಅವರ ಕೈಗೇ ಕೊಟ್ಟು, "ಅತ್ತೆ, ಕುಂಡ ಎಲ್ಲಿಡೋಣ, ನೀವೇ ಹೇಳಿ" ಎಂದು ಕೇಳಿ ನೋಡಿ. ಬೆಳಗಿನ ಬಿಸಿಲು ಮನೆಯಲ್ಲಿ ಎಲ್ಲಿ ಬೀಳುತ್ತದೆ ಎಂಬುದು ಸಂಡಿಗೆ, ಹಪ್ಪಳ ಒಣಗಿಸಿದ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು, ಹೂ ಅರಳುವ ಮನೆಯ ಸೋದರಿಯರಿಗೆ ನನ್ನದೊಂದು ಕೋರಿಕೆ. ಆ ರಾತ್ರಿ ನೀವು ನೆರೆಹೊರೆಯವರನ್ನು ಕರೆಯುತ್ತೀರಿ, ಬಾದಾಮಿ ಹಾಲನ್ನೋ ಕಾಫಿಯನ್ನೋ ಕೊಡುತ್ತೀರಿ. ಅರಿಶಿನ ಕುಂಕುಮಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂದು ನಾವು ಕಟ್ಟಳೆ ಮಾಡಿಕೊಂಡಿದ್ದೇವೆ. ಈ ಹೂವಿಗೆ ಅಂಥ ಕಟ್ಟಳೆ ಯಾವ ಶಾಸ್ತ್ರದಲ್ಲೂ ಇಲ್ಲ, ಅದು ನಮ್ಮ ನಾಡಿಗೆ ಬಂದದ್ದೇ ಮೊನ್ನೆ ಮೊನ್ನೆ. ಆದ್ದರಿಂದ ಗಂಡನನ್ನು ಕಳೆದುಕೊಂಡವರನ್ನು, ಮಕ್ಕಳಿಲ್ಲದವರನ್ನು, ಒಂಟಿಯಾಗಿರುವ ಟೀಚರಮ್ಮನನ್ನು, ಪಾತ್ರೆ ತೊಳೆಯಲು ಬರುವಾಕೆಯನ್ನು, ಎಲ್ಲರನ್ನೂ ಕರೆಯಿರಿ. ಕುರ್ಚಿ ಸಾಲದಿದ್ದರೆ ಚಾಪೆ ಹಾಸಿ. ಹನ್ನೆರಡು ಗಂಟೆಯವರೆಗೆ ಹರಟೆ ಹೊಡೆಯಲು ನಮಗೆ ವರ್ಷಕ್ಕೆ ಒಂದೆರಡು ನೆಪವಾದರೂ ಬೇಡವೇ? ಹೋಗುವಾಗ, ಬೇಕೆಂದವರಿಗೆ ಒಂದೊಂದು ಗೇಣಿನ ತುಂಡು ಕತ್ತರಿಸಿ ಕೊಡಿ. ಬುಡ ಯಾವ ಕಡೆ ಅಂತ ಹೇಳುವುದನ್ನು ಮರೆಯಬೇಡಿ.

ಮುಂದಿನ ಸಂಚಿಕೆಯಲ್ಲಿ ದಾಸವಾಳದ ಮೊಗ್ಗು ಉದುರುವುದರ ಬಗ್ಗೆ ಬರೆಯುತ್ತೇನೆ. ಪ್ರಶ್ನೆ ಕೇಳುವವರು ಕುಂಡದ ಅಳತೆ, ಬಿಸಿಲು ಬೀಳುವ ಹೊತ್ತು, ನೀರು ಹಾಕುವ ಲೆಕ್ಕ, ಈ ಮೂರನ್ನು ತಪ್ಪದೆ ಬರೆಯಿರಿ.